ಹೆಣ್ಣು ಕೊಡೋರು ಯಾರು, ಹೆಗಲು ಕೊಡೋರು ಯಾರು?

ಮಧುಗಿರಿಯಿಂದ ಪಾವಗಡದ ಕಡೆ ಹೊರಟರೆ ಮಿಡಿಗೇಶಿ ಸಿಗುತ್ತದೆ. ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಸುತ್ತ ಕಡಲೆಕಾಯಿ ಹೊಲ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬೆಂಗಳೂರು. ಈ ಸೀಮೆಯಲ್ಲಿ ಯಾರಾದರೂ ಕ್ರೈಸ್ತ ಸಭೆಗೆ ಸೇರುತ್ತೇನೆಂದು ಮನೆಯಲ್ಲಿ ಬಾಯಿಬಿಟ್ಟರೆ ಹಿರಿಯರು ಯಾವ ದೇವರು, ಏನು ಪೂಜೆ ಎಂದು ಮೊದಲಿಗೆ ಕೇಳುವುದಿಲ್ಲ. "ನಾಳೆ ನಿನ್ ಮಕ್ಳಿಗೆ ಹೆಣ್ಣು ಕೊಡೋರು ಯಾರು? ಸತ್ರೆ ಹೆಗಲು ಕೊಡೋರು ಯಾರು?" ಎಂದು ಕೇಳುತ್ತಾರೆ. ಹೊರಗಿನವರಿಗೆ ಇದು ಬರೀ ಲೋಕದ ಚಿಂತೆ ಎನ್ನಿಸಬಹುದು. ಕ್ರೈಸ್ತ ಧರ್ಮ ತನ್ನನ್ನು ತಾನು ಒಂದು ಮನೆತನ ಎಂದು ಕರೆದುಕೊಂಡ ದಿನದಿಂದಲೂ ಅದಕ್ಕೆ ಎದುರಾಗಿರುವ ಅತಿ ಗಟ್ಟಿಯಾದ ಪ್ರಶ್ನೆ ಇದೇ. ಈ ಹಿರಿಯರು ಅದನ್ನು ಎರಡೇ ಮಾತಿನಲ್ಲಿ ಕೇಳಿಬಿಡುತ್ತಾರೆ.

ಸುವಾರ್ತೆಗಳಲ್ಲಿಯೇ ಈ ವಿಷಯ ಸಲೀಸಾಗಿಲ್ಲ. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುವಿನ ತಾಯಿಯೂ ತಮ್ಮಂದಿರೂ ಬಂದು ಹೊರಗೆ ನಿಂತು ಹೇಳಿಕಳಿಸುತ್ತಾರೆ. ಅವನು ಸುತ್ತ ಕೂತವರನ್ನು ನೋಡಿ, ದೇವರ ಚಿತ್ತದಂತೆ ನಡೆಯುವವರೇ ತನಗೆ ತಾಯಿ, ಅಣ್ಣತಮ್ಮ, ಅಕ್ಕತಂಗಿ ಎನ್ನುತ್ತಾನೆ. ಹೆತ್ತ ತಾಯಿ ಬಾಗಿಲಾಚೆ ನಿಂತಿದ್ದಾಳೆ. ಆ ಮಾತು ಅವಳ ಕಿವಿಗೆ ಹೇಗೆ ಬಿದ್ದಿರಬಹುದೆಂದು ಯೋಚಿಸದೆ ಇದನ್ನು ಓದುವುದು ಕಷ್ಟ. ಆದರೆ ಯೋಹಾನನ ಸುವಾರ್ತೆಯಲ್ಲಿ ಅದೇ ಮಗ ಶಿಲುಬೆಯ ಮೇಲಿಂದ ತಾಯಿಯನ್ನು ತನ್ನ ಶಿಷ್ಯನ ಕೈಗೆ ಒಪ್ಪಿಸುತ್ತಾನೆ; ಶಿಷ್ಯ ಆ ಹೊತ್ತಿನಿಂದಲೇ ಅವಳನ್ನು ತನ್ನ ಮನೆಗೆ ಕರೆದುಕೊಳ್ಳುತ್ತಾನೆ. ಎರಡೂ ಪ್ರಸಂಗಗಳನ್ನು ಒಟ್ಟಿಗೆ ಓದಬೇಕು. ಹೊಸ ಮನೆತನ ಶುರುವಾಗುವುದು ಒಂದು ಮಾತಿನಿಂದ, ನಿಲ್ಲುವುದು ಮಗನಿಲ್ಲದ ಮುದುಕಿಗೆ ಅನ್ನ ಹಾಕುವ ಹೊಣೆಯಿಂದ. ಆ ಹೊಣೆ ಹೊತ್ತ ಕಡೆಯಲ್ಲೆಲ್ಲ ಸಭೆ ಒಂದು ಕುಟುಂಬವಾಗಿದೆ, ಹೊರದ ಕಡೆ ಅದು ಬಾಯಿಮಾತಾಗಿಯೇ ಉಳಿದಿದೆ. ಈ ಲೇಖನದುದ್ದಕ್ಕೂ ನಾನು ಹಿಡಿದಿರುವ ಅಳತೆಗೋಲು ಇದೊಂದೇ.

ಮೊದಲ ತಲೆಮಾರಿನವರಿಗೆ ಗುಡಿಯಿರಲಿಲ್ಲ, ಮನೆಗಳಲ್ಲೇ ಸೇರುತ್ತಿದ್ದರು. ಕೊರಿಂಥದ ಸಭೆಗೆ ಪೌಲ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯ ಓದಿದರೆ ಆ ಮನೆಗಳ ಒಳಗಿನ ಜಗಳ ಕಣ್ಣಿಗೆ ಕಟ್ಟುತ್ತದೆ. ಉಳ್ಳವರು ಮುಂಚೆಯೇ ಬಂದು ಉಂಡು ಕುಡಿದು ಮುಗಿಸುತ್ತಾರೆ, ಇಲ್ಲದವರು ಹಸಿದುಕೊಂಡೇ ಇರುತ್ತಾರೆ. ಪೌಲನಿಗೆ ಸಿಟ್ಟು ಬರುವುದು ಇಲ್ಲಿ. ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ ಅವನು, ಒನೇಸಿಮನೆಂಬ ಆಳನ್ನು ಇನ್ನು ಮೇಲೆ ಆಳಿಗಿಂತ ಹೆಚ್ಚಾಗಿ, ತಮ್ಮನಂತೆ ಮನೆಗೆ ಸೇರಿಸಿಕೊ ಎಂದು ಒಡೆಯನನ್ನು ಬೇಡುತ್ತಾನೆ. ಹೊರಗಿನ ರೋಮನ್ನರಿಗೆ ಈ ಅಣ್ಣ ತಂಗಿ ಎಂಬ ಕರೆ ಅನುಮಾನ ಹುಟ್ಟಿಸಿತ್ತು. ಅಣ್ಣ ತಂಗಿ ಎನ್ನುತ್ತಲೇ ಒಬ್ಬರನ್ನೊಬ್ಬರು ಕೂಡುವ ಇವರು ಎಂಥವರು ಎಂಬ ಆರೋಪವನ್ನು ಮಿನುಕಿಯುಸ್ ಫೆಲಿಕ್ಸ್ ತನ್ನ ಸಂವಾದ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಆಮೇಲೆ ಈ ನಂಟು ಕಾನೂನೇ ಆಯಿತು. ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಹಿಡಿದ ಜ್ಞಾನತಂದೆ ಆ ಮಗುವನ್ನು ಮುಂದೆ ಮದುವೆಯಾಗುವಂತಿಲ್ಲ ಎಂದು ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಳೆ ಮಾಡಿದ. ಮಧ್ಯಯುಗದಲ್ಲಿ ಈ ನಿಷೇಧ ಹಬ್ಬಿಹಬ್ಬಿ, ಹಳ್ಳಿಯ ಅರ್ಧ ಜನ ಒಬ್ಬರಿಗೊಬ್ಬರು ಮದುವೆಗೆ ಒದಗದವರಾಗುವಷ್ಟು ಬೆಳೆಯಿತು. ಕಥೋಲಿಕ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಅದನ್ನು ಕತ್ತರಿಸಿ ಕಿರಿದು ಮಾಡಿತು. ಲ್ಯಾಟಿನ್ ವಿಧಿಯ ಕಥೋಲಿಕರಲ್ಲಿ ಅದು ಪೂರ್ತಿ ಹೋದದ್ದು 1983ರ ಧರ್ಮಸಂಹಿತೆ ಬಂದ ಮೇಲೆಯೇ. ನೀರಿನಿಂದಾದ ನಂಟನ್ನೂ ರಕ್ತದ ನಂಟಿನಂತೆಯೇ ಎಣಿಸಿದ ಕಾಲ ಅದು.

ನಮ್ಮ ಕಡೆ ನಂಟಿಗೆ ಎರಡು ಬಗೆಯಿದೆ. ಒಂದು ಅಣ್ಣತಮ್ಮಿಕೆ, ಇನ್ನೊಂದು ನೆಂಟಸ್ತನ. ಅಣ್ಣತಮ್ಮಿಕೆಯವರು ಒಂದೇ ಬೆಡಗಿನವರು, ಒಂದೇ ಮನೆದೇವರಿಗೆ ನಡೆದುಕೊಳ್ಳುವವರು, ಸೂತಕ ಹಂಚಿಕೊಳ್ಳುವವರು. ಅವರಲ್ಲಿ ಕೊಟ್ಟು ತರುವ ಹಾಗಿಲ್ಲ. ನೆಂಟರು ಬೇರೆ ಬೆಡಗಿನವರು, ಹೆಣ್ಣು ಕೊಟ್ಟು ಹೆಣ್ಣು ತರುವವರು, ಸೋದರಮಾವ ಸೋದರತ್ತೆಯ ಕಡೆಯವರು. ಒಬ್ಬ ಮನುಷ್ಯ ಊರಿನಲ್ಲಿ ನೆಲೆ ನಿಲ್ಲಲು ಎರಡೂ ಬೇಕು. ಕ್ರೈಸ್ತ ಸಭೆ ಇಲ್ಲಿಗೆ ಬಂದು ಎಲ್ಲರನ್ನೂ ಅಣ್ಣತಮ್ಮ ಅಕ್ಕತಂಗಿ ಎಂದಿತು. ಅಣ್ಣತಮ್ಮಿಕೆ ಸಿಕ್ಕಿತು, ನೆಂಟಸ್ತನ ಎಲ್ಲಿಂದ ತರುವುದು? ರೋಮನ್ನರು ಬೇರೆ ಮನಸ್ಸಿನಿಂದ ಕೇಳಿದ್ದ ಪ್ರಶ್ನೆಯನ್ನು ಮಿಡಿಗೇಶಿಯ ಅಜ್ಜಿ ಕಾಳಜಿಯಿಂದ ಕೇಳುತ್ತಾಳೆ.

ಕನ್ನಡ ನೆಲಕ್ಕೆ ಈ ಪ್ರಶ್ನೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತನ್ನ ಹಿರಿಯರ ಸಾಲಿನಲ್ಲಿ ಎಣಿಸಿಕೊಂಡ. ಮಾತಿನ ಮಟ್ಟದಲ್ಲಿ ಇದ್ದಷ್ಟು ಕಾಲ ಅರಮನೆ ಅದನ್ನು ಸಹಿಸಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ, ಅಂದರೆ ಭಕ್ತಿಯ ನಂಟು ಹೆಣ್ಣು ಕೊಟ್ಟು ತರುವ ನಂಟಾದಾಗ, ಅಪ್ಪಂದಿರಿಬ್ಬರಿಗೂ ಎಳೆಸಿ ಕೊಲ್ಲುವ ಎಳೆಹೂಟೆ ಶಿಕ್ಷೆಯಾಯಿತೆಂದು ಶರಣ ಪರಂಪರೆ ನೆನಪಿಟ್ಟುಕೊಂಡಿದೆ. ಸಮಾಜ ಎಲ್ಲಿ ಗೆರೆ ಎಳೆಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ತುಮಕೂರು ಸೀಮೆಗೆ ಪ್ರಾಟೆಸ್ಟೆಂಟ್ ಮಿಷನ್ ಬಂದದ್ದು 1837ರಲ್ಲಿ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. ಎರಡು ವರ್ಷದ ಮೇಲೆ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಆ ದಿನಗಳ ಬಗ್ಗೆ 1847ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸಂತೆಯಲ್ಲಿ ನಿಂತು ಬೋಧಿಸಿದರು, ಕನ್ನಡ ಕಲಿತರು, ಶಾಲೆ ತೆರೆದರು. ಜನ ಕೇಳಿಸಿಕೊಂಡರು, ಮಕ್ಕಳನ್ನು ಶಾಲೆಗೆ ಕಳಿಸಿದರು, ಆದರೆ ಸಭೆಗೆ ಸೇರಿದವರು ಬೆರಳೆಣಿಕೆಯಷ್ಟು. ಕೇಳುವುದಕ್ಕೆ ನಷ್ಟವೇನಿಲ್ಲ, ಸೇರಿದರೆ ಅಣ್ಣತಮ್ಮಿಕೆಯೂ ಹೋಯಿತು, ನೆಂಟಸ್ತನವೂ ಹೋಯಿತು.

ಇದನ್ನು ಅಡಿಮೇಲು ಮಾಡಿದ್ದು ಧಾತು ಈಶ್ವರ ಬರ. 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನಕ್ಕೆ ಏನಾಯಿತೆಂದು ತಿಳಿಯಲು ಜನಗಣತಿಯ ಎರಡು ಅಂಕಿ ಸಾಕು. 1871ರಲ್ಲಿ ಐವತ್ತು ಲಕ್ಷ ಐವತ್ತೈದು ಸಾವಿರ ಜನ. 1881ರಲ್ಲಿ ನಲವತ್ತೊಂದು ಲಕ್ಷ ಎಂಬತ್ತಾರು ಸಾವಿರ. ತುಮಕೂರು, ಕೋಲಾರದಂಥ ಬಯಲುಸೀಮೆಯ ಜಿಲ್ಲೆಗಳು ಹೆಚ್ಚು ನಲುಗಿದವು. ಮಕ್ಕಳಿಗೆ ಅಣ್ಣತಮ್ಮಿಕೆಯೂ ಇಲ್ಲ, ನೆಂಟರೂ ಇಲ್ಲ ಎಂಬ ಸ್ಥಿತಿ ಬಂತು. ಉಳಿದ ನೆಂಟರಿದ್ದರೂ ಅವರಿಗೇ ಗಂಜಿಗೆ ಗತಿಯಿಲ್ಲ. ವೆಸ್ಲಿಯನ್ನರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯ ತೆರೆದರು. ಕಥೋಲಿಕ ಪಾದ್ರಿಗಳು ಬೆಂಗಳೂರಿನ ಉತ್ತರಕ್ಕೆ ಸಿಲುವೆಪುರದಂಥ ಊರನ್ನೇ ಕಟ್ಟಿ ಬರದ ಮಕ್ಕಳನ್ನು ನೆಲೆಗೊಳಿಸಿದರು.

ಅನಾಥಾಲಯದ ಬಾಗಿಲಲ್ಲಿ ನಿಂತ ಒಂದು ಮಗುವನ್ನು ನೆನೆಯಿರಿ. ಹೊಟ್ಟೆ ಉಬ್ಬಿದೆ, ಕೈಕಾಲು ಸೊರಗಿದೆ, ಊರ ಹೆಸರು ಹೇಳುವಷ್ಟು ವಯಸ್ಸಾಗಿಲ್ಲ. ಅಪ್ಪನನ್ನು ಅದು ಅಪ್ಪ ಎಂದಷ್ಟೇ ಕರೆದಿತ್ತು, ಅವನ ಹೆಸರು ಅದಕ್ಕೆ ಬೇಕಾಗಿರಲಿಲ್ಲ. ಬೆಡಗು ಯಾವುದು, ಮನೆದೇವರು ಯಾರು ಎಂದು ಕೇಳಿದರೆ ಹೇಳುವವರಿಲ್ಲ. ಆ ಮಗುವಿಗೆ ಹೊಸ ಹೆಸರು, ಹೊಸ ಬಟ್ಟೆ, ಸಾಲಾಗಿ ಕೂತು ಉಣ್ಣುವ ಊಟ ಸಿಕ್ಕಿತು. ಆ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರಬಹುದು ಎಂದು ಹೇಳಲು ಹಿರಿಯರೇ ಉಳಿದಿರಲಿಲ್ಲ. ಅಲ್ಲಿ ಬೆಳೆದ ಹುಡುಗರಿಗೂ ಹುಡುಗಿಯರಿಗೂ ಮದುವೆಗಳಾದವು, ಸಂಸಾರಗಳು ಹುಟ್ಟಿದವು. ಹೆಣ್ಣು ಕೊಡುವವರ ಜಾಗದಲ್ಲಿ ಸಭೆಯೇ ನಿಂತು ಧಾರೆಯೆರೆಯಿತು. ದಶಕಗಳ ಕಾಲ ಬೋಧಿಸಿದರೂ ಆಗದಿದ್ದುದು ಹಸಿವಿನಿಂದ ಆಯಿತು: ಜಾತಿ ಕೇಳದ ನೆಂಟಸ್ತನ.

ಗಂಜಿಗಾಗಿ ಮತ ಬಿಟ್ಟರು ಎಂಬ ಮಾತು ಅಂದಿನಿಂದ ಇಂದಿನವರೆಗೂ ಇದೆ. ಅದನ್ನು ಆಡುವವರು ಆ ಮಗುವಿನ ಎದುರು ನಿಂತು ಆಡಲಿ. ಅದಕ್ಕೆ ಆಯ್ಕೆಯೇ ಇರಲಿಲ್ಲ. ಗಂಜಿ ಹಾಕಿದವರು ಬದುಕಿಸಿದರು. ಇದರ ಜೊತೆಗೇ ಇನ್ನೊಂದು ಸತ್ಯವನ್ನೂ ಹೇಳಬೇಕು. ಮಗುವಿಗೆ ಹೊಸ ಹೆಸರು ಕೊಟ್ಟವರು ಹಳೆಯದನ್ನು ಹುಡುಕಲು ಬಹಳ ಕಷ್ಟಪಡಲಿಲ್ಲ. ಬರ ಕಳೆದ ಮೇಲೆ ಯಾವುದೋ ಹಟ್ಟಿಯಲ್ಲಿ ಬದುಕುಳಿದ ಅತ್ತೆಯೋ ಮಾವನೋ ಆ ಮಗುವನ್ನು ಹುಡುಕಿಕೊಂಡು ಬಂದಿದ್ದರೆ ಯಾವ ಹೆಸರು ಹಿಡಿದು ಕೇಳಬೇಕಿತ್ತು? ಒಂದು ಮನೆತನ ಸಿಕ್ಕಿತು, ಇನ್ನೊಂದು ಅಳಿಸಿಹೋಯಿತು. ಆ ಸಂತತಿಯವರಿಗೆ ಇಂದೂ ವಂಶಾವಳಿ ಅನಾಥಾಲಯದ ರಿಜಿಸ್ಟರಿನಿಂದ ಹಿಂದಕ್ಕೆ ಹೋಗುವುದಿಲ್ಲ.

ಅದೇ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡ ಇನ್ನೊಬ್ಬಳು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ರಮಾಬಾಯಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಈ ಪಂಡಿತೆ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಎಂಬ ಆಶ್ರಯ ಕಟ್ಟಿ, ಮುಂದಿನ ಬರಗಳಲ್ಲಿ ನೂರಾರು ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದು ಸಾಕಿದರು. ದಿಕ್ಕಿಲ್ಲದವಳೊಬ್ಬಳು ದಿಕ್ಕಿಲ್ಲದವರಿಗೆ ತಾಯಿಯಾದ ಈ ಕತೆ ಕನ್ನಡದಲ್ಲಿ ಇನ್ನೂ ಸರಿಯಾಗಿ ಹೇಳಿಯಾಗಿಲ್ಲ.

ಮನೆಯಿದ್ದೂ ಕಳೆದುಕೊಂಡವರ ನೋವು ಬೇರೆ ಬಗೆಯದು. ಮಂಗಳೂರಿನ ಬಾಸೆಲ್ ಮಿಷನ್ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಹೆಂಡತಿ ಜೊತೆಗೆ ಬರಲಿಲ್ಲ, ಬಂಧುಗಳು ಕೈಬಿಟ್ಟರು. ಮತ ಬಿಟ್ಟವರ ಆಸ್ತಿ ಹಕ್ಕನ್ನು ಬ್ರಿಟಿಷ್ ಸೀಮೆಯಲ್ಲಿ ಉಳಿಸಿದ ಕಾಯ್ದೆ ಬಂದದ್ದು ಆರು ವರ್ಷದ ನಂತರ, 1850ರಲ್ಲಿ. ಕಾಯ್ದೆ ಆಸ್ತಿಯನ್ನು ಉಳಿಸಬಲ್ಲದು, ಹೆಂಡತಿಯನ್ನು ಕರೆತರಲಾರದು. ಬಾಸೆಲ್‌ಗೆ ಹೋಗಿ ಓದಿ ಬಂದ ಕೌಂಡಿನ್ಯರು 1860ರಲ್ಲಿ ಜರ್ಮನ್ ಹೆಂಗಸೊಬ್ಬರನ್ನು ಮದುವೆಯಾದರು. ಮಂಗಳೂರ ಸಮಾಚಾರದ ಮೋಗ್ಲಿಂಗ್ ಜೊತೆ ಸೇರಿ ಕೊಡಗಿನಲ್ಲಿ ಹೊಲೆಯ ಜೀತದವರಿಗಾಗಿ ಆನಂದಪುರ ಎಂಬ ಊರನ್ನು ಕಟ್ಟಿದ್ದು ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಕೆಲಸ. ಸಾರಸ್ವತ ಬ್ರಾಹ್ಮಣನೊಬ್ಬ ತನಗೆ ಸಿಗದ ಊರನ್ನು ಎಂದೂ ಊರೊಳಗೆ ಬಿಟ್ಟುಕೊಳ್ಳದವರಿಗಾಗಿ ಕಟ್ಟಿದ. ಮಿಷನ್ನಿನ ಹಂಚಿನ ಕಾರ್ಖಾನೆ, ಮಗ್ಗಗಳು ಹುಟ್ಟಿದ್ದಕ್ಕೂ ದೊಡ್ಡ ಕಾರಣ ಇದೇ: ಮನೆಯಿಂದ ಹೊರಬಿದ್ದವರಿಗೆ ಹೊಟ್ಟೆಪಾಡು ಬೇಕಿತ್ತು.

1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ನರು, ಆಂಗ್ಲಿಕನ್ನರು ಮುಂತಾದವರೆಲ್ಲ ಕೂಡಿ ದಕ್ಷಿಣ ಭಾರತ ಸಭೆಯಾದರು. ತುಮಕೂರು ಸೀಮೆಯ ಸಭೆಗಳು ಇಂದು ಅದರ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರುತ್ತವೆ. ಕಥೋಲಿಕರು ಬೆಂಗಳೂರು ಮಹಾಧರ್ಮಪ್ರಾಂತಕ್ಕೆ. ಪಂಗಡಗಳು ಒಂದಾದವು. ಮನೆಗಳು ಒಂದಾದವೇ?

ಸಭೆಯೊಳಗೂ ಜಾತಿ ಉಳಿದುಕೊಂಡಿದೆ ಎಂಬುದನ್ನು ಕ್ರೈಸ್ತರೇ ಹೇಳುತ್ತಾರೆ. ಮಂಗಳೂರಿನ ಕಥೋಲಿಕರಲ್ಲಿ ಬಾಮಣ್, ಚಾರೊಡಿ, ಸುದಿರ್ ಎಂಬ ಎಣಿಕೆ ಮದುವೆಯ ಮಾತುಕತೆಯಲ್ಲಿ ತಲೆಯೆತ್ತುತ್ತದೆ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನಲ್ಲಿ ಎರಡು ಜಾತಿಗಳ ನಡುವೆ ಎಬ್ಬಿಸಿದ್ದ ಗೋಡೆಯನ್ನು 1910ರಲ್ಲಿ ಕೆಡವಬೇಕಾಯಿತು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಗೋಡೆ ಕಟ್ಟುವ ಅಗತ್ಯವೇ ಬರಲಿಲ್ಲ. ಹೊಲೆಯರ ಹಟ್ಟಿಯ ಸಭೆ, ಮಾದಿಗರ ಹಟ್ಟಿಯ ಸಭೆ ಮೊದಲಿನಿಂದಲೇ ಬೇರೆ ಬೇರೆ ಬೆಳೆದ ಕಡೆಗಳಿವೆ. ಒಂದೇ ಬಟ್ಟಲಿನಿಂದ ಪ್ರಭುಭೋಜನ ತೆಗೆದುಕೊಂಡವರು ಬೀಗರಾಗಲು ಹಿಂದೆಗೆಯುತ್ತಾರೆ. ಬರದ ಅನಾಥರು ದಾಟಿದ ಗೆರೆಯನ್ನು ಹೊಟ್ಟೆ ತುಂಬಿದ ಮೊಮ್ಮಕ್ಕಳು ಮತ್ತೆ ಎಳೆದುಕೊಂಡಿದ್ದಾರೆ. ಇದು ತಪ್ಪು. ಇದಕ್ಕೆ ಸರ್ಕಾರವನ್ನೋ ಊರಿನವರನ್ನೋ ದೂರುವ ಹಾಗಿಲ್ಲ, ಸಭೆಯ ಹಿರಿಯರೇ ಹೊಣೆ.

ಸರ್ಕಾರದ ಪಾಲೂ ಇದೆ, ಅದು ಬೇರೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು; 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು; ದಲಿತ ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಧರ್ಮದ ಈ ಕಟ್ಟು ಬೇಡ ಎಂದಿತು. 2022ರಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ಮಾಡಿತು. ಇಷ್ಟು ದೂರದ ಆದೇಶ ಒಂದೇ ಮನೆಯ ನಡುಮನೆಗೆ ಬಂದು ಕೂರುತ್ತದೆ. ಅಣ್ಣನಿಗೆ ಜಾತಿ ಪ್ರಮಾಣಪತ್ರ ಸಿಗುತ್ತದೆ, ಸಭೆಗೆ ಸೇರಿದ ತಮ್ಮನಿಗೆ ಸಿಗುವುದಿಲ್ಲ. ಇಬ್ಬರೂ ಬೆಳೆದದ್ದು ಒಂದೇ ಹಟ್ಟಿಯಲ್ಲಿ, ಊರಿನವರು ಇಬ್ಬರನ್ನೂ ದೂರವಿಟ್ಟದ್ದು ಒಂದೇ ಕಾರಣಕ್ಕೆ. ಹೀಗಾಗಿ ಎಷ್ಟೋ ಜನ ಭಾನುವಾರ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಗುವ ಹೊತ್ತಿಗೆ ಜಾತಿಯ ಹೆಸರಿನ ಮುಂದೆ ಕ್ರಿಶ್ಚಿಯನ್ ಎಂದು ಸೇರಿಸಿದ ಕಾಲಂಗಳ ಬಗ್ಗೆ ಗದ್ದಲವೆದ್ದಿತು, ಸಮೀಕ್ಷೆ ನಡೆಸಿದ ಆಯೋಗ ಅವುಗಳಲ್ಲಿ ಹಲವನ್ನು ಪಟ್ಟಿಯಿಂದ ಮರೆಮಾಡಿತು. ಕಾಲಂ ಮರೆಯಾದರೂ ಆ ಜನ ಮರೆಯಾಗುವುದಿಲ್ಲ. 2011ರ ಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಹನ್ನೊಂದು ಲಕ್ಷ ನಲವತ್ತೆರಡು ಸಾವಿರ, ಶೇಕಡಾ 1.87.

ಬಿಟ್ಟುಬಂದ ಮನೆಯವರ ಜೊತೆ ಹೇಗಿರಬೇಕು ಎಂಬುದು ವರ್ಷಕ್ಕೊಮ್ಮೆಯಾದರೂ ಇಲ್ಲಿ ಎದುರಾಗುವ ಪ್ರಶ್ನೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿಂದ ಹಿಡಿದು ಹಟ್ಟಿಹಟ್ಟಿಯ ಗ್ರಾಮದೇವತೆಯ ಹಬ್ಬದವರೆಗೆ ನೆಂಟರನ್ನು ಕರೆದು ಉಣಿಸದೆ ಹಬ್ಬ ಮುಗಿಯುವುದಿಲ್ಲ. ಕ್ರೈಸ್ತಳಾದ ತಂಗಿಗೂ ಅಣ್ಣ ಫೋನು ಮಾಡುತ್ತಾನೆ. ಅವಳು ಬರುತ್ತಾಳೆ, ದೇವರ ಮುಂದೆ ನಿಲ್ಲುವುದಿಲ್ಲ, ಕುಂಕುಮ ಹಚ್ಚಿಸಿಕೊಳ್ಳುವುದಿಲ್ಲ, ಅತ್ತಿಗೆಯ ಜೊತೆ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿಕೊಡುತ್ತಾಳೆ. ಊಟಕ್ಕೆ ಕೂತಾಗ ಮನೆಯವರ ಕಣ್ಣೆಲ್ಲ ಅವಳ ತಟ್ಟೆಯ ಮೇಲೆ. ಮಾರಮ್ಮನಿಗೆ ಬಿಟ್ಟ ಮರಿಯ ಬಾಡನ್ನು ಅವಳು ಉಣ್ಣುತ್ತಾಳೋ ಇಲ್ಲವೋ? ಇದೇ ಪ್ರಶ್ನೆಯನ್ನು ಕೊರಿಂಥದವರು ಪೌಲನಿಗೆ ಬರೆದು ಕೇಳಿದ್ದರು. ವಿಗ್ರಹಕ್ಕೆ ಒಪ್ಪಿಸಿದ ಮಾಂಸದಲ್ಲಿ ಅಂಥದ್ದೇನೂ ಇಲ್ಲ, ಆದರೆ ನೀನು ಉಣ್ಣುವುದರಿಂದ ನಿನ್ನ ತಮ್ಮನ ಮನಸ್ಸು ಎಡವುವುದಾದರೆ ಬಿಡು ಎಂಬ ಅರ್ಥದಲ್ಲಿ ಅವನು ಉತ್ತರ ಬರೆದ. ಇಂದಿನ ಕೆಲವು ಬೋಧಕರು ಇದನ್ನು ಮುಟ್ಟಬೇಡ ಎಂಬ ಕಟ್ಟಳೆ ಮಾಡಿಬಿಟ್ಟಿದ್ದಾರೆ. ಇದರಿಂದ ಎಡವುವ ತಮ್ಮ ಯಾರು ಎಂದು ಅವರು ಕೇಳಿಕೊಳ್ಳಬೇಕು. ಸಭೆಯಲ್ಲಿ ಪಕ್ಕ ಕೂತವನೊಬ್ಬನೇ ಅಲ್ಲ, ತಟ್ಟೆ ನೀಡಿ ಕಾದು ನಿಂತ ಒಡಹುಟ್ಟಿದವನೂ ತಮ್ಮನೇ. ಸಪ್ಪೆಸಾರು ತೆಗೆದಿಟ್ಟು ತಂಗಿಗೆ ಬಡಿಸುವ ಅತ್ತಿಗೆಯಂದಿರು ಈ ಸೀಮೆಯಲ್ಲಿದ್ದಾರೆ. ಎಷ್ಟೋ ಬೋಧನೆಗಳಿಗಿಂತ ಅವರ ವಿವೇಕ ದೊಡ್ಡದು.

ಕಳೆದ ಕೆಲವು ದಶಕಗಳಲ್ಲಿ ತಾಲ್ಲೂಕು ಊರುಗಳಲ್ಲಿ ಬಾಡಿಗೆ ಹಾಲ್‌ಗಳ ಪ್ರಾರ್ಥನಾ ಮಂದಿರಗಳು ಬಂದಿವೆ. ಅಯ್ಯನವರು ಅಮ್ಮನವರು ಎಂಬ ಹಳೆಯ ಸಭೆಯ ಕರೆ ಇಲ್ಲಿ ಪಾಸ್ಟರಣ್ಣ, ಬ್ರದರ್, ಸಿಸ್ಟರ್ ಆಗಿದೆ. ಬರುವವರಲ್ಲಿ ಹೆಂಗಸರು ಹೆಚ್ಚು: ಗಂಡನ ಕುಡಿತ ತಾಳದವರು, ಕಾಯಿಲೆ ಬಿದ್ದವರು, ಮಕ್ಕಳು ಗಾರ್ಮೆಂಟ್ಸಿಗೆಂದು ಪೀಣ್ಯಕ್ಕೆ ಹೋಗಿ ಒಂಟಿಯಾದವರು. ಮಂಗಳವಾರವೋ ಶುಕ್ರವಾರವೋ ಅವರ ಮನೆಯಲ್ಲೇ ಪ್ರಾರ್ಥನೆ ನಡೆಯುತ್ತದೆ, ಚಾಪೆ ಹಾಸಿ ಹತ್ತು ಜನ ಕೂರುತ್ತಾರೆ, ಹೆಸರು ಹಿಡಿದು ಅವಳಿಗಾಗಿ ಬೇಡುತ್ತಾರೆ. ತನ್ನ ಹೆಸರು ಹತ್ತು ಬಾಯಲ್ಲಿ ಕಾಳಜಿಯಿಂದ ಬಂದದ್ದನ್ನು ಅವಳು ಹಿಂದೆ ಎಂದೂ ಕೇಳಿರುವುದಿಲ್ಲ. ಇದನ್ನೆಲ್ಲ ಆಮಿಷ ಎಂಬ ಒಂದೇ ಮಾತಿನಲ್ಲಿ ಮುಗಿಸುವವರು ಆ ಒಂಟಿತನವನ್ನು ಕಂಡಿಲ್ಲ. ಮತಾಂತರದ ಮೇಲೆ ರಾಜ್ಯ 2022ರಲ್ಲಿ ಕಾಯ್ದೆ ತಂದಿತು, 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನು ಹಿಂಪಡೆಯುವ ನಿರ್ಧಾರ ಮಾಡಿತು. ಆ ಒಂಟಿತನ ಎರಡಕ್ಕೂ ಸಂಬಂಧವಿಲ್ಲದಂತೆ ಹಾಗೇ ಇದೆ. ಇನ್ನೊಂದು ಕಡೆ, ಪಾಸ್ಟರಣ್ಣ ಊರು ಬದಲಿಸಿದ ದಿನವೇ ಚದುರಿಹೋಗುವ ಕೂಟಗಳೂ ಇವೆ. ಒಬ್ಬನ ಸುತ್ತ ಕಟ್ಟಿಕೊಂಡ ಮನೆತನ ಅವನೊಂದಿಗೇ ಹೋಗುತ್ತದೆ.

ಕೊನೆಗೆ ಮಣ್ಣಿನ ಮಾತು. 2025ರ ಜನವರಿ 7ರಂದು ಛತ್ತೀಸಗಢದ ಬಸ್ತರಿನಲ್ಲಿ ಒಬ್ಬ ಪಾಸ್ಟರ್ ತೀರಿಕೊಂಡರು. ಹುಟ್ಟಿದ ಊರಿನಲ್ಲಿ ಹೂಳಲು ಊರಿನವರು ಬಿಡಲಿಲ್ಲ. ಹೆಣ ಶವಾಗಾರದಲ್ಲಿ ಇಪ್ಪತ್ತು ದಿನ ಕಾಯಿತು, ಮಗ ಸುಪ್ರೀಂ ಕೋರ್ಟಿನ ತನಕ ಹೋದ. ಜನವರಿ 27ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಒಡೆದ ತೀರ್ಪು ಕೊಟ್ಟಿತು. ನಮ್ಮ ರಾಜ್ಯದವರಾದ ಬಿ.ವಿ. ನಾಗರತ್ನ ಅವರು ಕುಟುಂಬದ ಸ್ವಂತ ಜಮೀನಿನಲ್ಲಿ ಹೂಳಲು ಬಿಡಬೇಕೆಂದರು, ಸತೀಶ್ ಚಂದ್ರ ಶರ್ಮ ಅವರು ಒಪ್ಪಲಿಲ್ಲ. ಹೆಣ ಇನ್ನೂ ಕಾಯುವುದು ಬೇಡವೆಂದು ಇಬ್ಬರೂ ಸೇರಿ ಇಪ್ಪತ್ತು ಕಿಲೋಮೀಟರಿಗೂ ದೂರದ ಕ್ರೈಸ್ತ ಸ್ಮಶಾನಕ್ಕೆ ಕಳಿಸಿದರು. ಅಂಥ ದಿನ ನಮ್ಮ ಹಳ್ಳಿಗಳಿಗೆ ಬಾರದಿರಲಿ. ಬಯಲುಸೀಮೆಯ ಬಹಳ ಜಾತಿಗಳಲ್ಲಿ ಹೂಳುವುದೇ ರೂಢಿ, ಸತ್ತವರನ್ನು ಸ್ವಂತ ಹೊಲದ ಬದುವಿನಲ್ಲಿ ಮಣ್ಣು ಮಾಡುವುದೂ ಉಂಟು. ಅಲ್ಲಿ ಶಿಲುಬೆ ನೆಟ್ಟ ಸಮಾಧಿಯೂ ನೆಡದ ಸಮಾಧಿಯೂ ಅಕ್ಕಪಕ್ಕ ಇರಬಹುದು. ಬೇರೆ ಮತಕ್ಕೆ ಹೋದವನೆಂದು ತಮ್ಮನ ಹೆಣಕ್ಕೆ ಹೆಗಲು ಕೊಡದ ಅಣ್ಣನಾಗಲಿ, ಬೇರೆ ಮತದವನೆಂದು ಅಣ್ಣನ ತಿಥಿಯ ದಿನ ಅತ್ತ ಸುಳಿಯದ ತಮ್ಮನಾಗಲಿ ಯಾವ ದೇವರನ್ನೂ ಮೆಚ್ಚಿಸಿದಂತಾಗುವುದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸಭೆಗಳ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಸಭೆಯ ಮದುವೆ ಮಾತುಕತೆಯಲ್ಲಿ ಹಟ್ಟಿ ಯಾವುದು ಎಂದು ಕೇಳುವುದನ್ನು ನಿಲ್ಲಿಸಿ. ಬರದ ಮಕ್ಕಳ ವಂಶದವರಿಗೆ ಅದು ಒಪ್ಪುವ ಪ್ರಶ್ನೆಯೇ ಅಲ್ಲ. ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ಹಳೆಯ ರಿಜಿಸ್ಟರುಗಳನ್ನು ಗೆದ್ದಲಿಗೆ ಬಿಡದೆ ಫೋಟೊ ತೆಗೆಸಿಡಿ. ಅಜ್ಜ ಯಾವ ಅನಾಥಾಲಯದಲ್ಲಿ ಬೆಳೆದ, ಅಜ್ಜಿಯನ್ನು ಎಲ್ಲಿಂದ ತಂದರು, ಮೊದಲ ಹೆಣಕ್ಕೆ ಹೆಗಲು ಕೊಟ್ಟವರು ಯಾರು ಎಂದು ಬಲ್ಲ ಮುದುಕರು ಇನ್ನೂ ಕೆಲವರಿದ್ದಾರೆ. ಅವರ ಮನೆಗೆ ಈ ವಾರವೇ ಹೋಗಿ, ಕೇಳಿ ಬರೆದುಕೊಳ್ಳಿ. ಕ್ರೈಸ್ತರಲ್ಲದ ನೆಂಟರನ್ನೂ ಕೇಳಿ. ಆ ಕತೆಯ ಅರ್ಧ ಅವರ ಬಳಿ ಇದೆ.